ದೈವವೂ ವಲಸೆ ಬಂದ ನಾಡಿನಲ್ಲಿ: ಕಾಸರಗೋಡಿನಿಂದ ಒಂದು ಉತ್ತರ

ವಲಸೆ, ಅಸ್ಮಿತೆ, ಊರಿನವರೆನ್ನಿಸಿಕೊಳ್ಳುವ ಹಂಬಲ ಇವುಗಳನ್ನು ಕುರಿತು ಕಾಸರಗೋಡಿನ ಜನರ ಜೊತೆಗೂಡಿ ಕಲಾಕೃತಿಯೊಂದನ್ನು ಕಟ್ಟಬೇಕೆಂದಿದ್ದೀರಿ, ಮೊದಲು ಯಾರನ್ನು ಮಾತನಾಡಿಸಬೇಕೆಂದು ಕೇಳಿದ್ದೀರಿ. ಹೊರಗಿನಿಂದ ಬರುವವರು ಸಾಮಾನ್ಯವಾಗಿ ನಮ್ಮಂತಹ ಕನ್ನಡಿಗರ ಮನೆಗೇ ಬರುತ್ತಾರೆ. ಅದಕ್ಕೆ ಕಾರಣವಿದೆ. ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗಲೆಲ್ಲ ಆ ಹಳೆಯ ನೋವು ಮತ್ತೆ ಕೆದರುತ್ತದೆ. ಆ ನೋವು ನನಗೂ ಇದೆ. ಆದರೂ ನಿಮ್ಮ ಕೆಲಸ ಅಲ್ಲಿಂದ ಆರಂಭವಾಗಬಾರದೆಂದು ನನ್ನ ಒತ್ತಾಯದ ವಿನಂತಿ.

ಇಲ್ಲಿ ಕನ್ನಡಿಗರೆನ್ನಿಸಿಕೊಂಡವರಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ಕನ್ನಡದ ಕವಿಗಳಾದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಯಕ್ಷಗಾನದ ಪ್ರಸಂಗವನ್ನು ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಲ್ಲಿಯೂ ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಮರಾಠಿಯನ್ನೋ ಆಡುವವರಿದ್ದಾರೆ. ವೇದಿಕೆಯಲ್ಲಿ ಕುಳಿತ ಮೇಲೆ, ಬರೆದಿಟ್ಟ ಮಾತಿಲ್ಲದೆ, ರಾತ್ರಿಯಿಡೀ ಶುದ್ಧ ಕನ್ನಡದಲ್ಲಿ ಭೀಷ್ಮನಾಗಿಯೋ ವಾಲಿಯಾಗಿಯೋ ವಾದಿಸುತ್ತಾರೆ. ಹೀಗಾಗಿ ನಮ್ಮಲ್ಲಿ ಬಹಳ ಜನರಿಗೆ ಕನ್ನಡವು ಹುಟ್ಟಿನಿಂದ ಬಂದುದಲ್ಲ, ಅಭ್ಯಾಸದಿಂದಲೂ ಪ್ರೀತಿಯಿಂದಲೂ ಒಲಿದು ಬಂದುದು.

ನೀವು ಕೈಗೆತ್ತಿಕೊಂಡಿರುವ ವಿಷಯವನ್ನು ಈ ನೆಲದ ಕಲೆ ಬಹಳ ಹಿಂದೆಯೇ ಎತ್ತಿಕೊಂಡಿದೆ. ದೈವದ ವೇಷ ಕಟ್ಟಿ ಆಡುವ ಆರಾಧನೆಯೇ ತೆಯ್ಯ; ಅದರಲ್ಲಿ ವಿಷ್ಣುಮೂರ್ತಿ ತೆಯ್ಯದ ಕಥೆಯನ್ನು ನೋಡಿ. ನೀಲೇಶ್ವರದ ಕಡೆಯ ಪಾಲಂತಾಯಿ ಕಣ್ಣನೆಂಬ ತೀಯ ಜಾತಿಯ ಹುಡುಗ ಒಡೆಯನ ಮಾವಿನ ಮರವೇರಿ ಹಣ್ಣು ತಿನ್ನುತ್ತಿದ್ದಾಗ, ಕಚ್ಚಿದ ಹಣ್ಣೊಂದು ಕೈಜಾರಿ ಆ ಮನೆಯ ಹೆಣ್ಣುಮಗಳ ಮೇಲೆ ಬೀಳುತ್ತದೆ. ಒಡೆಯನಾದ ಕುರುವಾಟ್ ಕುರುಪ್ಪಿನ ಕೋಪಕ್ಕೆ ಹೆದರಿ ಹುಡುಗ ಉತ್ತರಕ್ಕೆ ಓಡಿ ಮಂಗಳೂರನ್ನು ಸೇರಿ, ಜೆಪ್ಪುವಿನ ಮನೆಯೊಂದರಲ್ಲಿ ಕೆಲಸಕ್ಕಿದ್ದು, ಆ ಮನೆಯವರು ನಂಬಿದ ದೈವದ ಸೇವೆ ಮಾಡುತ್ತಾ ಬೆಳೆಯುತ್ತಾನೆ. ಹಲವು ವರ್ಷಗಳ ಬಳಿಕ ಊರಿನ ಸೆಳೆತ ತಾಳಲಾರದೆ, ದೈವದ ಆಯುಧವನ್ನೂ ಕೊಡೆಯನ್ನೂ ಹಿಡಿದು ಹಿಂತಿರುಗಿದವನನ್ನು, ತಾವರೆಯ ಕೆರೆಯಲ್ಲಿ ಮೀಯುತ್ತಿದ್ದಾಗ, ಅದೇ ಒಡೆಯ ಕಡಿದು ಕೊಲ್ಲುತ್ತಾನೆ. ಆಮೇಲೆ ಕುರುಪ್ಪಿನ ಮನೆಗೆ ಅನಿಷ್ಟಗಳು ಬಂದೆರಗುತ್ತವೆ. ಕಣ್ಣನ ಜೊತೆಯಲ್ಲಿ ಬಂದ ದೈವಕ್ಕೆ ನೀಲೇಶ್ವರದ ಕೋಟ್ಟಪ್ಪುರದಲ್ಲಿ ನೆಲೆ ಕೊಡದೆ ಕುರುಪ್ಪಿಗೆ ಬಿಡುಗಡೆಯಿಲ್ಲ.

ದುಡಿಯಲು ಹೋದವನೊಬ್ಬ ಅನ್ಯದೇಶದ ದೈವವನ್ನು ತನ್ನೂರಿಗೆ ತಂದನೆಂಬುದನ್ನು ತೋಟ್ಟಂ ಪಾಟು, ಎಂದರೆ ತೆಯ್ಯದ ಕಥೆ ಹೇಳುವ ಹಾಡು, ಮರೆಮಾಚುವುದಿಲ್ಲ. ದೈವ ಎಲ್ಲಿಂದ ಹೊರಟಿತು, ಯಾವ ದಾರಿಯಾಗಿ ಬಂತೆಂಬುದನ್ನು ಪ್ರತಿ ವರ್ಷವೂ ಹಾಡಿ ಹೇಳಲಾಗುತ್ತದೆ, ಮಲಯಾಳದ ನಡುವೆ ತುಳುವಿನ ಮಾತು ಕೇಳಿಬರುತ್ತದೆ. ಅದೇ ದೈವ ಒತ್ತೆಕೋಲವೆಂಬ ಆರಾಧನೆಯ ರೂಪದಲ್ಲಿ ಕರ್ನಾಟಕದ ಸುಳ್ಯ, ಪುತ್ತೂರುಗಳಲ್ಲಿಯೂ ಕೆಂಡದ ರಾಶಿಗೆ ಹಾರುತ್ತದೆ; ರಾಜ್ಯದ ಗಡಿ ಅದಕ್ಕೆ ಅಡ್ಡಿಯಾಗಿಲ್ಲ. ತುಳುನಾಡಿನ ಕರಾವಳಿಯ ಮೀನುಗಾರ ಮೊಗವೀರರು ನಂಬುವ ದೈವ ಬೊಬ್ಬರ್ಯನನ್ನು ಪಾಡ್ದನಗಳೆಂಬ ತುಳು ಕಥನಗೀತೆಗಳು ಮುಸ್ಲಿಂ ವ್ಯಾಪಾರಿಯ ಮಗನೆನ್ನುತ್ತವೆ, ಕುಂಬಳೆಯ ಬಳಿಯ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಮನೇ ತೆಯ್ಯವಾಗಿ ಅಂಗಳಕ್ಕಿಳಿಯುತ್ತಾನೆ. ಎಲ್ಲಿಂದ ಬಂದೆ ಎಂಬ ಪ್ರಶ್ನೆಯನ್ನು ಹೊರದೂಡುವುದಕ್ಕಾಗಿ ಕೇಳದೆ, ಬಂದ ದಾರಿಯನ್ನು ಹೇಳಿಸಿ ಕೂರಲು ಜಾಗ ಕೊಡುವುದಕ್ಕಾಗಿ ಕೇಳುವ ಈ ಕ್ರಮವನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ.

ಹಾಗೆಂದು ಇದನ್ನೊಂದು ಸಾಮರಸ್ಯದ ಚಿತ್ರವಾಗಿ ಚೌಕಟ್ಟು ಹಾಕಬೇಡಿ. ಕಣ್ಣನಿಗೆ ಜಾಗ ಸಿಕ್ಕಿದ್ದು ಸತ್ತ ಮೇಲೆ. ಇಂದಿಗೂ ಯಾವ ಜಾತಿಯವರು ತೆಯ್ಯ ಕಟ್ಟಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ನಿಗದಿಯಾಗಿದೆ. ದೈವದ ಅಣಿಯೆಂಬ ಅಲಂಕಾರ ತೊಟ್ಟಾಗ ಊರಿಗೆ ಊರೇ ಕೈಮುಗಿದು ನಿಲ್ಲುವ ಕಲಾವಿದನಿಗೆ ಬಣ್ಣ ತೊಳೆದ ಮೇಲೆ ಅದೇ ಮರ್ಯಾದೆ ಸಿಗುತ್ತದೆಂದು ಹೇಳಲಾರೆ. ಜಾತಿಯ ಹಮ್ಮನ್ನು ಮುಖಾಮುಖಿಯಾಗಿ ಪ್ರಶ್ನಿಸುವ ಪೊಟ್ಟನ್ ತೆಯ್ಯಂ ಕೂಡ ಅದೇ ಕಟ್ಟಳೆಗಳೊಳಗೇ ನಡೆಯುತ್ತದೆ.

ನಿಮ್ಮ ಕೆಲಸಕ್ಕೆ ನಿಜವಾದ ಎಡೆ ಇರುವುದು ಬೇರೊಂದು ಕಡೆ. ಗಲ್ಫಿಗೆ ಹೋದ ನಮ್ಮ ಮಕ್ಕಳು ಅಲ್ಲಿಂದಲೇ ಹಣ ಕಳುಹಿಸಿ ತರವಾಡಿನ, ಎಂದರೆ ಮೂಲ ಮನೆತನದ, ತೆಯ್ಯಂ ಉತ್ಸವವಾದ ಕಳಿಯಾಟವನ್ನು ನಡೆಸಿಕೊಡುತ್ತಾರೆ. ಅವರು ದೂರವಿದ್ದರೂ ಊರಿನ ಲೆಕ್ಕದಲ್ಲಿದ್ದಾರೆ. ಅವರು ಕಟ್ಟಿಸುವ ಮನೆಗೆ ಕೆಂಪುಕಲ್ಲನ್ನು ಹೊರುವ, ಗಾರೆ ಕಲಸುವ ಬಂಗಾಳ, ಅಸ್ಸಾಂ, ಬಿಹಾರಗಳ ಕೆಲಸಗಾರರು ಇಲ್ಲಿದ್ದೂ ಆ ಲೆಕ್ಕದಲ್ಲಿಲ್ಲ. ಸರಕಾರದ ಭಾಷೆಯಲ್ಲಿ ಅವರು ಅತಿಥಿ ಕಾರ್ಮಿಕರು. ಅವರು ಹೊರಟ ಊರು, ಹಿಡಿದ ರೈಲು, ಇಳಿದ ನಿಲ್ದಾಣ, ಮಲಗುವ ಬಾಡಿಗೆ ಕೋಣೆ ಇವನ್ನು ಹಾಡಿ ಹೇಳುವ ತೋಟ್ಟಂ ಇನ್ನೂ ಹುಟ್ಟಿಲ್ಲ. ಮಂಗಳೂರಿಗೆ ಓಡಿಹೋದ ಕಣ್ಣನಿಗೂ ಅವರಿಗೂ ನನ್ನ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಮೊದಲು ಅವರನ್ನು ಮಾತನಾಡಿಸಿ, ನಮ್ಮನ್ನಲ್ಲ.

ಬರುವ ಕಾಲದ ಬಗ್ಗೆ ಒಂದು ಮಾತು. ತುಲಾ ಮಾಸದ ಹತ್ತರಿಂದ (ಅಕ್ಟೋಬರ್ ಕೊನೆ) ಪತ್ತನಾಜೆಯವರೆಗೆ (ಮೇ ಕೊನೆ) ಕಳಿಯಾಟ, ನೇಮ, ಕೋಲ ಮುಂತಾದ ದೈವಾರಾಧನೆಗಳ ಭರಾಟೆ. ಆಗ ಬಂದರೆ ನೋಡಲು ಬೇಕಾದಷ್ಟು ಸಿಗುತ್ತದೆ, ಮಾತನಾಡಲು ಮಾತ್ರ ಯಾರಿಗೂ ಬಿಡುವಿರುವುದಿಲ್ಲ. ಪತ್ತನಾಜೆಯ ನಂತರ ಮಳೆ ಹಿಡಿದು ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ತೆಯ್ಯಂ ಕಟ್ಟುವವರಿಗೆ ಕೆಲಸ ಕಡಿಮೆ. ಕೆಂಪುಕಲ್ಲಿನ ಕೋರೆಗಳು ನೀರು ತುಂಬಿ ನಿಂತು, ಊರಿಗೆ ಹೋಗದೆ ಉಳಿದ ಕೆಲಸಗಾರರೂ ಕೈಕಟ್ಟಿ ಕುಳಿತಿರುತ್ತಾರೆ. ಆಗ ಬಂದು ಕೆಲವು ವಾರ ಉಳಿಯಿರಿ. ಹಿಂದಿ, ಬಂಗಾಳಿ ಬಲ್ಲವರೊಬ್ಬರನ್ನು ಜೊತೆಗೆ ಕರೆತನ್ನಿ, ತೆಯ್ಯಂ ಕಟ್ಟುವವರ ಸಮಯಕ್ಕೂ ಕೆಲಸಗಾರರ ಸಮಯಕ್ಕೂ ದಿನಗೂಲಿಗೆ ಕಡಿಮೆಯಾಗದ ಸಂಭಾವನೆಯನ್ನು ಮೊದಲೇ ಮಾತನಾಡಿಕೊಳ್ಳಿ. ತರವಾಡಿನ ಹಿರಿಯರಿಂದ ಒಪ್ಪಿಗೆ ಪಡೆಯುವ ಕೆಲಸದಲ್ಲಿ ನಾನು ಜೊತೆಗಿರುತ್ತೇನೆ.