ನಟ್ ಬಿಗಿ ಮಾಡಿದರೆ ಸ್ವಿಂಗ್ ಆರ್ಮ್ ಹಿಡಿಯುತ್ತದೆ, ಸಡಿಲ ಬಿಡಬಹುದೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟವಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 250 ಸಿಸಿ ಡರ್ಟ್ ಬೈಕಿನ ಹಿಂದಿನ ಚಕ್ರ ಅಡ್ಡಡ್ಡ ಆಡುತ್ತಿತ್ತು. ಬಿಚ್ಚಿ ನೋಡಿದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಫ್ರೇಮ್‌ಗೆ ಜೋಡಿಸುವ ತೋಳು) ಬೇರಿಂಗ್‌ಗಳು ತುಕ್ಕು ಹಿಡಿದು ಪುಡಿಯಾಗಿದ್ದವು. ಬೇರಿಂಗ್, ಬುಷ್, ಸೀಲ್ ಎಲ್ಲ ಇರುವ ಕಿಟ್ ತರಿಸಿ ಹಾಕಿಸಿದೆ. ಮತ್ತೆ ಜೋಡಿಸುವಾಗ, ಆ ತೋಳನ್ನು ಫ್ರೇಮ್‌ಗೆ ಹಿಡಿದಿಡುವ ಪಿವಟ್ ಬೋಲ್ಟ್ ಅರ್ಧಕ್ಕೇ ನಿಂತಿತು, ಬಡಿದು ಕೂರಿಸಿದೆವು. ಈಗ ನಟ್ ಪೂರ್ತಿ ಬಿಗಿ ಮಾಡಿದರೆ ಸ್ವಿಂಗ್ ಆರ್ಮ್ ಹಿಡಿದುಕೊಳ್ಳುತ್ತದೆ, ಒಂದು ಸುತ್ತು ಬಿಟ್ಟರೆ ಸಲೀಸಾಗಿ ಆಡುತ್ತದೆ. ಲಾಕ್ ನಟ್ ಇರುವುದರಿಂದ ಸ್ವಲ್ಪ ಸಡಿಲವಿದ್ದರೂ ಬಿದ್ದುಹೋಗುವುದಿಲ್ಲ, ಓಡುತ್ತಾ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ಹಾಗೇ ಓಡಿಸಬಹುದೇ?
— ಓದುಗರು, ಮೂಡಿಗೆರೆ

ಉತ್ತರ: ಓಡಿಸಬೇಡಿ. ನಟ್ ಬಿದ್ದುಹೋಗುವುದಿಲ್ಲ ಎಂಬುದು ನಿಜ, ಆದರೆ ಸಮಸ್ಯೆ ಅದಲ್ಲ.

ಹ್ಯಾಂಡಲ್‌ನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಕೂರಿಸಿ ಅಭ್ಯಾಸವಾದವರಿಗೆ ಈ ಎಡವಟ್ಟು ಸಹಜ. ಕೋನ್ ಸೆಟ್‌ನಲ್ಲಿ ನಟ್ಟಿನ ಬಿಗಿಯೇ ಬೇರಿಂಗಿನ ಆಟವನ್ನು ನಿರ್ಧರಿಸುತ್ತದೆ. ಹೆಚ್ಚಾದರೆ ಹಿಡಿಯುತ್ತದೆ, ಕಡಿಮೆಯಾದರೆ ಕುಟ್ಟುತ್ತದೆ. ಸ್ವಿಂಗ್ ಆರ್ಮ್‌ನಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಅಲ್ಲಿರುವುದು ಸೂಜಿಯಂಥ ಸಣ್ಣ ಉರುಳೆಗಳ ನೀಡಲ್ ಬೇರಿಂಗ್, ಅದರೊಳಗೆ ಗಟ್ಟಿ ಉಕ್ಕಿನ ಬುಷ್ ಎಂಬ ಕೊಳವೆ, ಹೊರಗೆ ಕಾಲರ್ ಎಂಬ ಬಳೆ. ನಟ್ ಬಿಗಿಯಾದಾಗ ಫ್ರೇಮ್, ಕಾಲರ್, ಬುಷ್, ಎಂಜಿನ್ ಕೇಸಿನ ಹಿಂಭಾಗ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡು ಒಂದೇ ತುಂಡಿನಂತಾಗಬೇಕು. ಆ ಅಲುಗಾಡದ ಬುಷ್‌ನ ಸುತ್ತ ಸ್ವಿಂಗ್ ಆರ್ಮ್ ಮಾತ್ರ ಸೂಜಿಗಳ ಮೇಲೆ ಆಡುತ್ತದೆ. ಆದ್ದರಿಂದ ನಟ್ ಎಷ್ಟು ಬಿಗಿಯಿದ್ದರೂ ಆಟ ಸಲೀಸಾಗಿಯೇ ಇರಬೇಕು. ಕೆಲವು ಬೈಕ್‌ಗಳಲ್ಲಿ ಹೊಂದಾಣಿಕೆಗೆ ಬೇರೆಯೇ ಕಾಲರ್ ಇರುತ್ತದೆ. ಅಲ್ಲಿಯೂ ಮುಖ್ಯ ನಟ್ಟನ್ನು ಸಡಿಲ ಬಿಡುವಂತಿಲ್ಲ.

ಸಡಿಲ ಬಿಟ್ಟು ಓಡಿಸಿದರೆ ಬೋಲ್ಟ್ ತಾನೇ ಆಡತೊಡಗುತ್ತದೆ. ಬುಷ್ ಬೋಲ್ಟಿನ ಮೇಲೆ ತಿರುಗಿ ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಎಂಜಿನ್ ಕೇಸಿನ ಅಲ್ಯೂಮಿನಿಯಂ ತೂತು ನಿಧಾನವಾಗಿ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಬೇರಿಂಗ್ ಕಿಟ್ಟಿನ ಖರ್ಚು ಆಗ ಏನೂ ಅಲ್ಲ ಎನಿಸುತ್ತದೆ.

ಈಗ ನಿಮ್ಮ ಬೈಕ್ ವಿಷಯಕ್ಕೆ ಬರೋಣ. ಸಡಿಲ ಬಿಟ್ಟರೆ ಆಡುತ್ತದೆ, ಬಿಗಿ ಮಾಡಿದರೆ ಹಿಡಿಯುತ್ತದೆ ಎಂದಿದ್ದೀರಿ. ಇದು ಒಳ್ಳೆಯ ಸುಳಿವು. ಬೇರಿಂಗ್ ಕೂರಿಸುವಾಗಲೇ ಜಜ್ಜಿಹೋಗಿದ್ದರೆ ಸಡಿಲವಿದ್ದಾಗಲೂ ಗರಗರ ಎನ್ನುತ್ತಿತ್ತು. ನಿಮ್ಮಲ್ಲಿ ತಪ್ಪಿರುವುದು ಬಹುತೇಕ ಉದ್ದದ ಲೆಕ್ಕ: ಬುಷ್ ಹೊರಬೇಕಾದ ಒತ್ತಡವನ್ನು ಸ್ವಿಂಗ್ ಆರ್ಮ್‌ನ ಮೈ ಹೊರುತ್ತಿದೆ.

ಸ್ವಿಂಗ್ ಆರ್ಮ್ ಮತ್ತೆ ಇಳಿಸಿ ಮೇಜಿನ ಮೇಲಿಡಿ. ಮೊದಲು ಬೇರಿಂಗಿನ ಅಂಚು ನೋಡಿ. ಅದು ಸ್ವಿಂಗ್ ಆರ್ಮ್‌ನ ತೂತಿನೊಳಗೆ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಆಳಕ್ಕೆ ಇಳಿದಿರಬೇಕು. ಮೇಲೆ ಉಳಿದ ಜಾಗ ಸೀಲ್‌ಗೆ. ಬೇರಿಂಗ್ ಅರ್ಧ ಮಿಲಿಮೀಟರ್ ಮೇಲಿದ್ದರೂ ಸೀಲ್ ಉಬ್ಬಿ ಕುಳಿತು ಕಾಲರ್‌ಗೆ ಉಜ್ಜುತ್ತದೆ. ಬೆರಳಿನ ಉಗುರನ್ನು ಸೀಲ್‌ನ ಸುತ್ತ ಓಡಿಸಿ. ತುಟಿ ಎಲ್ಲಾದರೂ ಒಳಕ್ಕೆ ಮಡಚಿದ್ದರೆ ಸಿಕ್ಕಿಬೀಳುತ್ತದೆ. ಆಮೇಲೆ ಹಳೆಯ ಬುಷ್ ಮತ್ತು ಹೊಸ ಬುಷ್‌ಗಳ ಉದ್ದವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಹಳೆಯದನ್ನು ಎಸೆದಿಲ್ಲ ಎಂದುಕೊಳ್ಳುತ್ತೇನೆ. ಬೇರೆ ವರ್ಷದ ಮಾಡೆಲ್‌ನ ಕಿಟ್ ಬರುವುದು, ಎಡದ ಕಾಲರ್ ಬಲಕ್ಕೆ ಹೋಗುವುದು, ತೆಳು ವಾಷರ್ ಒಂದು ಹಳೆಯ ಗ್ರೀಸಿನ ಜೊತೆ ಚಿಂದಿಬಟ್ಟೆಗೆ ಅಂಟಿ ಕಸಕ್ಕೆ ಹೋಗುವುದು, ಎಲ್ಲವೂ ಆಗುವಂಥದ್ದೇ.

ಬೇರಿಂಗನ್ನು ಇನ್ನೂ ಒಳಕ್ಕೆ ಇಳಿಸಬೇಕಾದರೆ ಸುತ್ತಿಗೆ ಬೇಡ. ನೀಡಲ್ ಬೇರಿಂಗಿನ ಹೊರಚಿಪ್ಪು ತೆಳು. ಒಂದು ಓರೆ ಏಟಿಗೆ ಆಕಾರ ಕೆಡುತ್ತದೆ. ಉದ್ದನೆಯ ಬೋಲ್ಟ್, ಎರಡು ದಪ್ಪ ವಾಷರ್, ಒಂದು ನಟ್ ಇದ್ದರೆ ಸಾಕು. ತಿರುಗಿಸುತ್ತಾ ನೇರವಾಗಿ ಎಳೆದುಕೊಳ್ಳಬಹುದು. ಸಾಮಾನ್ಯವಾಗಿ ಅಕ್ಷರ ಕೆತ್ತಿರುವ ಮುಖ ಹೊರಕ್ಕಿರಬೇಕು, ಒತ್ತಬೇಕಾದದ್ದೂ ಆ ಮುಖವನ್ನೇ. ಹೊಸ ಬೇರಿಂಗ್ ಹಾಕುವುದಾದರೆ ಅದನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಸೀಲ್ ತೆಗೆದಿಟ್ಟು ಸ್ವಿಂಗ್ ಆರ್ಮ್‌ನ ತುದಿಯನ್ನು ಹೀಟ್ ಗನ್‌ನಿಂದ ಬೆಚ್ಚಗೆ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನು ಆ ಬೋಲ್ಟ್ ಅರ್ಧಕ್ಕೆ ನಿಂತ ವಿಚಾರ. ಪಿವಟ್ ಬೋಲ್ಟ್ ಎಂಜಿನ್ನಿನ ಹಿಂಭಾಗವನ್ನೂ ಹಿಡಿದಿರುತ್ತದೆ. ಅದನ್ನು ಎಳೆದುಕೊಂಡಾಗ ಎಂಜಿನ್ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ, ತೂತುಗಳ ಸಾಲು ತಪ್ಪುತ್ತದೆ. ಎಂಜಿನ್ ಅಡಿಗೆ ಹಲಗೆ ಕೊಟ್ಟು ಜಾಕ್ ಇಡಿ, ಉಳಿದ ಎಂಜಿನ್ ಮೌಂಟ್ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡುತ್ತಾ ಎತ್ತಿ. ತೂತಿನಲ್ಲಿ ಅರ್ಧಚಂದ್ರ ಹೋಗಿ ಪೂರ್ಣಚಂದ್ರ ಕಂಡಾಗ ಬೋಲ್ಟ್ ಕೈಯಲ್ಲೇ ಹೋಗುತ್ತದೆ, ಹೆಚ್ಚೆಂದರೆ ರಬ್ಬರ್ ಸುತ್ತಿಗೆಯ ಒಂದೆರಡು ತಟ್ಟು ಬೇಕಾದೀತು. ನೀವು ಈಗಾಗಲೇ ಬಡಿದಿರುವುದರಿಂದ ಆ ಬೋಲ್ಟನ್ನು ದಪ್ಪ ಗಾಜಿನ ಮೇಲೆ ಉರುಳಿಸಿ. ಅಲುಗಿದರೆ ಬಾಗಿದೆ ಎಂದೇ ಅರ್ಥ. ಹೊಸದು ತನ್ನಿ, ನೆಟ್ಟಗೆ ಮಾಡಿಸಲು ಹೋಗಬೇಡಿ. ಎಂಜಿನ್ ಕೇಸಿನ ತೂತಿನ ಅಂಚಿನಲ್ಲಿ ಹೊಸ ಗೀರು, ಬಿರುಕು ಇದೆಯೇ ಎಂದೂ ನೋಡಿಕೊಳ್ಳಿ.

ಜೋಡಿಸುವ ಮುನ್ನ ಚೈನ್ ನೆನಪಿರಲಿ. ಕ್ಲಿಪ್ ಇಲ್ಲದ, ರಿವೆಟ್ ಹೊಡೆದ ಚೈನ್ ಆದರೆ ಬೋಲ್ಟ್ ಹಾಕುವ ಮೊದಲೇ ಸ್ವಿಂಗ್ ಆರ್ಮ್‌ನ ಸುತ್ತ ಹಾದಿರಬೇಕು; ಆಮೇಲೆ ನೆನಪಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಕ್ಲಿಪ್ ಇದ್ದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಬ್ರೇಕ್ ಹೋಸ್ ತಿರುಚಿಕೊಳ್ಳದಂತೆ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗಿಸಿ.

ಶಾಕ್, ಅದನ್ನು ಸ್ವಿಂಗ್ ಆರ್ಮ್‌ಗೆ ಜೋಡಿಸುವ ಲಿಂಕೇಜ್, ಚಕ್ರ ಯಾವುದನ್ನೂ ಸೇರಿಸದೆ ಮೊದಲು ಪಿವಟ್ ನಟ್ಟನ್ನು ಟಾರ್ಕ್ ರೆಂಚ್‌ನಲ್ಲಿ ಪೂರ್ತಿ ಬಿಗಿ ಮಾಡಿ. ಅಂಕಿ ನಿಮ್ಮ ಬೈಕಿನ ಮ್ಯಾನುಯಲ್‌ನಲ್ಲಿದೆ. ಅಂದಾಜಿಗೆ ಹೇಳುವುದಾದರೆ ಕೆಟಿಎಂನ 250 ಎಸ್‌ಎಕ್ಸ್ ಡರ್ಟ್ ಬೈಕಿನಲ್ಲಿ ಅದು 100 ನ್ಯೂಟನ್ ಮೀಟರ್, ಅಂದರೆ ಸಾಧಾರಣ ಸ್ಪ್ಯಾನರ್‌ನಲ್ಲಿ ಕೈಯಳತೆಗೆ ಸಿಗುವಂಥದ್ದಲ್ಲ. ಬೋಲ್ಟಿನ ಮೈಗೆ ಗ್ರೀಸ್ ಬೇಕು. ಎಳೆಗಳಿಗೆ ಮ್ಯಾನುಯಲ್ ಹೇಳಿದರೆ ಮಾತ್ರ. ಗ್ರೀಸ್ ಹಚ್ಚಿದ ಎಳೆಯಲ್ಲಿ ಅದೇ ಟಾರ್ಕ್ ಬೋಲ್ಟನ್ನು ಹೆಚ್ಚು ಎಳೆಯುತ್ತದೆ. ಲಾಕ್ ನಟ್ ಹೊಸದಿರಲಿ.

ಈಗ ಸ್ವಿಂಗ್ ಆರ್ಮನ್ನು ನೆಲಕ್ಕೆ ಸಮನಾಗಿ ಎತ್ತಿ ಕೈ ಬಿಡಿ. ತನ್ನ ಭಾರಕ್ಕೇ ಅದು ಎಲ್ಲಿಯೂ ತಡೆಯದೆ ಇಳಿಯಬೇಕು. ಹೊಸ ಸೀಲ್ ಇರುವುದರಿಂದ ಧಡಕ್ಕನೆ ಬೀಳದೆ ಮೆಲ್ಲಗೆ ಇಳಿದರೆ ಚಿಂತೆಯಿಲ್ಲ. ನಡುವೆ ನಿಂತರೆ ಮತ್ತೆ ಬಿಚ್ಚಬೇಕು. ಹಿಂತುದಿ ಹಿಡಿದು ಅಡ್ಡಕ್ಕೆ ಅಲುಗಿಸಿದಾಗ ಟಕ್ ಎಂಬ ಸದ್ದು ಬಂದರೂ ಅಷ್ಟೇ. ಸಡಿಲಿಸಿದ ಎಂಜಿನ್ ಮೌಂಟ್‌ಗಳನ್ನು ಇಲ್ಲಿಯೇ ಬಿಗಿ ಮಾಡಿಬಿಡಿ, ಆಮೇಲೆ ಮರೆತುಹೋಗುತ್ತದೆ.

ಬೈಕನ್ನು ನೆಲಕ್ಕಿಳಿಸಿ, ಮೇಲೆ ಒಬ್ಬರನ್ನು ಕೂರಿಸಿಯೇ ನಟ್ ಬಿಗಿ ಮಾಡಬೇಕೆಂದು ಯಾರಾದರೂ ಹೇಳಬಹುದು. ಅದು ರಬ್ಬರ್ ಬುಷ್‌ನ ಸ್ವಿಂಗ್ ಆರ್ಮ್‌ಗೆ ಸಲ್ಲುವ ಮಾತು. ಅಲ್ಲಿ ರಬ್ಬರ್ ತಿರುಚಿಕೊಳ್ಳುತ್ತದೆ. ನೀಡಲ್ ಬೇರಿಂಗಿಗೆ ಅದು ಬೇಕಿಲ್ಲ.

ಪ್ರಶ್ನೆ: ಸಕಲೇಶಪುರದ ಮಳೆಯಲ್ಲಿ ಡರ್ಟ್ ಬೈಕ್ ಓಡಿಸುತ್ತೇನೆ. ಸ್ವಿಂಗ್ ಆರ್ಮ್‌ಗೆ ಗ್ರೀಸ್ ಗನ್‌ನಲ್ಲಿ ಗ್ರೀಸ್ ಹೊಡೆಯಬಹುದೇ?
— ಓದುಗರು, ಸಕಲೇಶಪುರ

ಉತ್ತರ: ತೋಟದ ಜೀಪಿಗೆ ಹೊಡೆಯುವ ಹಾಗೆ ಇಲ್ಲಿ ಆಗುವುದಿಲ್ಲ. ಬಹಳಷ್ಟು ಡರ್ಟ್ ಬೈಕ್‌ಗಳಲ್ಲಿ ಗ್ರೀಸ್ ನಿಪ್ಪಲ್ ಇರುವುದಿಲ್ಲ. ಬಿಚ್ಚಿ, ತೊಳೆದು, ಕೈಯಲ್ಲೇ ತುಂಬಬೇಕು. ಮುಂಗಾರಿಗೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಮಾಡಿ. ಬೋಟ್‌ಗಳಿಗೆ ಬಳಸುವಂಥ, ನೀರಿಗೆ ತೊಳೆದುಹೋಗದ ಗ್ರೀಸ್ ತನ್ನಿ. ವಾಟರ್ ಸರ್ವಿಸ್‌ನವರು ಜೆಟ್ಟನ್ನು ನೇರವಾಗಿ ಪಿವಟ್ ಮತ್ತು ಲಿಂಕೇಜ್ ಸೀಲ್‌ಗಳಿಗೆ ಹಿಡಿಯದಂತೆ ನಿಂತು ನೋಡಿಕೊಳ್ಳಿ. ಕೆಂಪು ಕೆಸರು ಒಳಗೆ ಹೋಗುವುದು ಹೆಚ್ಚಾಗಿ ಆಗಲೇ. ಬಿಚ್ಚಿದಾಗ ಲಿಂಕೇಜ್ ಬೇರಿಂಗ್‌ಗಳನ್ನೂ ನೋಡಿ. ಕೆಳಗಿರುವ ಅವುಗಳಿಗೆ ಕೆಸರು ಮೊದಲು ತಗಲುತ್ತದೆ, ಸ್ವಿಂಗ್ ಆರ್ಮ್ ಬೇರಿಂಗ್‌ಗಿಂತ ಮುಂಚೆಯೇ ಅವು ಹೋಗಿರುತ್ತವೆ.