ಸ್ಟೂಲ್ (ಮಲ) ಸ್ಲೈಡಿನಲ್ಲಿ ಹುಳದ ಮೊಟ್ಟೆ ಯಾವುದು, ಕಸ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಗುಂಡಗಿರುವುದೆಲ್ಲ ಮೊಟ್ಟೆಯ ಹಾಗೇ ಕಾಣುತ್ತದೆ ಅಂದಿದ್ದೀರಿ. ಲ್ಯಾಬಿಗೆ ಹೊಸದಾಗಿ ಬಂದವರೆಲ್ಲ ನನ್ನ ಹತ್ತಿರ ಕೇಳುವುದೂ ಇದನ್ನೇ. ನಾನು ಹೇಳುವುದಿಷ್ಟು: ಮೊದಲು ಅಳೆಯಿರಿ, ಆಮೇಲೆ ಹೆಸರು ಹೇಳಿ.

ಪುಸ್ತಕದ ಚಿತ್ರಗಳಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಂದೇ ಗಾತ್ರ ಇರುತ್ತವೆ. ಸ್ಲೈಡಿನಲ್ಲಿ ಹಾಗಿಲ್ಲ. ಆಸ್ಕರಿಸ್‌ನ (ದುಂಡುಹುಳ) ಫಲಿತ ಮೊಟ್ಟೆ 45ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಉದ್ದ. ಜಿಯಾರ್ಡಿಯಾ ಎಂಬ ಏಕಕೋಶ ಪರಾವಲಂಬಿಯ ಸಿಸ್ಟ್ (ಗಟ್ಟಿ ಕವಚದೊಳಗಿನ ಸುಪ್ತ ರೂಪ) ಸಾಮಾನ್ಯವಾಗಿ 8ರಿಂದ 12 ಅಷ್ಟೇ. ಐಪೀಸಿನೊಳಗೆ ಒಂದು ಸ್ಕೇಲ್ ಹಾಕಿಸಿ, ಸ್ಟೇಜ್ ಮೈಕ್ರೋಮೀಟರ್ (ಅಳತೆಯ ಗೆರೆಗಳಿರುವ ಸ್ಲೈಡ್) ಇಟ್ಟು ಪ್ರತಿ ಲೆನ್ಸಿಗೂ ಬೇರೆ ಬೇರೆಯಾಗಿ ಕ್ಯಾಲಿಬ್ರೇಟ್ ಮಾಡಿ. 40 ಎಕ್ಸ್‌ನಲ್ಲಿ ಸ್ಕೇಲಿನ 40 ಮನೆಗಳು 100 ಮೈಕ್ರಾನ್‌ಗೆ ಸರಿಹೊಂದಿದರೆ, ಒಂದು ಮನೆ 2.5 ಮೈಕ್ರಾನ್. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇನ್ನು ಆಕಾರ. ಟ್ರೈಕ್ಯೂರಿಸ್ (ಚಾಟಿಹುಳ) ಮೊಟ್ಟೆ ಸುಲಭ, ಎರಡೂ ತುದಿಯಲ್ಲಿ ಬಿರಡೆ ಹಾಕಿದ ಪೀಪಾಯಿಯ ಹಾಗೆ. ಆಸ್ಕರಿಸ್ ಕಂದು ಬಣ್ಣ, ಹೊರಗೆ ಉಬ್ಬುತಗ್ಗು. ಕೊಕ್ಕೆಹುಳದ ಮೊಟ್ಟೆಯ ಚಿಪ್ಪು ತೆಳ್ಳಗೆ, ಬಣ್ಣವೇ ಇಲ್ಲ, ಬೆಳಕು ಜಾಸ್ತಿಯಾದರೆ ಕಣ್ತಪ್ಪಿ ಹೋಗುತ್ತದೆ. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಲೆನ್ಸ್) ಸ್ವಲ್ಪ ಇಳಿಸಿ ನೋಡಿ: ಚಿಪ್ಪಿಗೂ ಒಳಗಿನ ಕೋಶಗಳಿಗೂ ನಡುವೆ ತಿಳಿಯಾದ ಜಾಗ ಇರುತ್ತದೆ.

ಕಸದ್ದೂ ಗುರುತು ಕಲಿಯಬೇಕು. ಪಿಷ್ಟದ ಕಣಕ್ಕೆ ಅಯೋಡಿನ್ ತಾಗಿದರೆ ನೀಲಿ-ಕಪ್ಪಾಗುತ್ತದೆ. ಲಾರ್ವಾ ಅಂದುಕೊಂಡದ್ದು ಎಷ್ಟೋ ಸಲ ಗಿಡದ ರೋಮ. ಅದರ ಒಂದು ತುದಿ ಮುರಿದಂತಿರುತ್ತದೆ, ಒಳಗೆ ಅನ್ನನಾಳ ಕಾಣುವುದಿಲ್ಲ. ಗಾಳಿಗುಳ್ಳೆಗೆ ಅಂಚು ದಪ್ಪ, ಒಳಗೆ ಏನೂ ಇಲ್ಲ.

ಸಿಸ್ಟ್‌ಗಳಿಗೆ ಅಯೋಡಿನ್ ಹಾಕಿ ನ್ಯೂಕ್ಲಿಯಸ್ ಎಣಿಸಿ. ಆಮಶಂಕೆ ತರುವ ಅಮೀಬಾ ಎಂಟಮೀಬಾ ಹಿಸ್ಟೊಲಿಟಿಕಾದ ಬೆಳೆದ ಸಿಸ್ಟ್‌ಗೆ 4, ಎಂಟಮೀಬಾ ಕೋಲೈಗೆ 8. ಆದರೆ ಇಲ್ಲಿ ದಯವಿಟ್ಟು ಎಚ್ಚರ! ರೋಗ ತರದ ಎಂಟಮೀಬಾ ಡಿಸ್ಪಾರ್‌ನ ಸಿಸ್ಟ್ ಕೂಡ ಥೇಟ್ ಹಿಸ್ಟೊಲಿಟಿಕಾದಂತೆಯೇ ಇರುತ್ತದೆ. ಮೈಕ್ರೋಸ್ಕೋಪಿನಲ್ಲಿ ಸಿಸ್ಟ್ ಮಾತ್ರ ನೋಡಿ ಬೇರೆ ಮಾಡಲು ಆಗದು. ರಿಪೋರ್ಟಿನಲ್ಲಿ ಎರಡೂ ಹೆಸರು ಬರೆಯಿರಿ. ಸುಮ್ನೆ ಒಂದನ್ನೇ ಬರೆದರೆ ರೋಗಿಗೆ ಬೇಡದ ಚಿಕಿತ್ಸೆ ಆಗಬಹುದು, ಅಲ್ವಾ?

ಮೊದಲು ಸಲೈನ್ (ಉಪ್ಪುನೀರು) ಹಾಕಿ ನೋಡಿ, ಆಮೇಲೆ ಅಯೋಡಿನ್. ಅಯೋಡಿನ್‌ನಲ್ಲಿ ಟ್ರೋಫೋಜೊಯಿಟ್‌ನ (ಏಕಕೋಶ ಪರಾವಲಂಬಿಯ ಓಡಾಡುವ ರೂಪ) ಚಲನೆ ನಿಂತುಬಿಡುತ್ತದೆ. ನೀರಾಗಿರುವ ಮಲವನ್ನು ಅರ್ಧ ಗಂಟೆಯೊಳಗೇ ನೋಡಿ. ಗಟ್ಟಿ ಮಲವನ್ನೂ ಹೊರಗೆ ಹಾಗೇ ಬಿಡಬೇಡಿ, ಕೊಕ್ಕೆಹುಳದ ಮೊಟ್ಟೆ ಒಡೆದು ಲಾರ್ವಾ ಹೊರಬಂದರೆ ಸ್ಟ್ರಾಂಗಿಲಾಯ್ಡಿಸ್ (ಮಲದಲ್ಲಿ ಲಾರ್ವಾ ಆಗಿಯೇ ಬರುವ ಇನ್ನೊಂದು ಹುಳ) ಅಂತ ತಪ್ಪು ತಿಳಿಯುವ ಅಪಾಯ ಇದೆ.