ತೂತು ಹೊಡೆದ ಗುಲಗಂಜಿ ಬೇಡ

ಅಮ್ಮಾ ತಾಯಿ, ಮೊದಲು ಆ ಸರ ನಾಯಿ ಕೊರಳಿಂದ ಬಿಚ್ಚಿ, ಆಮೇಲೆ ಮುಂದೆ ಓದಿ. ದಾವಣಗೆರೆಯ ಕುಂದವಾಡ ಕೆರೆ ಕಡೆ ವಾಕಿಂಗಲ್ಲಿ ಆರಿಸಿದ ಗುಲಗಂಜಿಗೆ ಕಾದ ಸೂಜಿ ಚುಚ್ಚಿ, ನಿಮಗೊಂದು ಕೈಸರ, ಅದಕ್ಕೊಂದು ಕೊರಳಪಟ್ಟಿ ಅಂತ ಫೋಟೋ ಹಾಕಿದೀರ. ಪೋಣಿಸಿರೋದು ಚೊಕ್ಕವಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಇದೇ ಕೆಲಸ ನಾನೂ ಮಾಡಿ ಅನುಭವಿಸಿದೀನಿ.

ನಮ್ಮ ಚಿತ್ರದುರ್ಗದಲ್ಲಿ ಚಂದ್ರವಳ್ಳಿ ರಸ್ತೆ ಬೇಲಿಯಿಂದ ಒಂದು ಹಿಡಿ ತಂದು, ಸಣ್ಣ ಡ್ರಿಲ್ಲಲ್ಲಿ ನಲವತ್ತು ಕಾಳು ಕೊರೆದೆ. ಪುಡಿ ಹಾರಿ ಎರಡು ದಿನ ಕಣ್ಣಿನ ರೆಪ್ಪೆ ಊದ್ಕೊಂಡಿತ್ತು. ಅದಕ್ಕೂ ಬುದ್ಧಿ ಬರಲಿಲ್ಲ. ಸರ ಮೇಜಿನ ಅಂಚಲ್ಲಿ ಬಿಟ್ಟು ಹಾಲು ಇಳಿಸಿ ಬರೋದ್ರಲ್ಲಿ ನಮ್ಮ ನಾಯಿ ಕರಿಯ ದಾರದ ಸಮೇತ ಅಗಿದಿದ್ದ. ಅವತ್ತು ಏನೂ ಆಗಲಿಲ್ಲ, ರಾತ್ರಿ ಮುದ್ದೆ ಕೂಡ ತಿಂದ. ಮರುದಿನ ವಾಂತಿ, ಆಮೇಲೆ ರಕ್ತಭೇದಿ. ಮೂರು ದಿನ ಡ್ರಿಪ್. ಉಳ್ಕೊಂಡಿದ್ದು ಅವನ ಪುಣ್ಯ. ಗಟ್ಟಿ ಸಿಪ್ಪೆ ಇದ್ದ ಕಾಳು ನುಂಗಿದ್ರೆ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗ್ತದೆ, ಸಿಪ್ಪೆ ಒಡೆದ್ರೆ ಒಳಗಿನ ಅಬ್ರಿನ್ ವಿಷ ಇಳೀತದೆ, ಅದಕ್ಕೆ ಪ್ರತಿಮದ್ದು ಇಲ್ಲ ಅಂದ್ರು ಡಾಕ್ಟರು. ನಾವು ತೂತು ಹೊಡೆಯೋದು ಅಂದ್ರೆ ಆ ಬಾಗಿಲು ನಾವೇ ತೆಗೆದಂಗೆ.

ಕೆಳಗೆ ಕಾಮೆಂಟಲ್ಲಿ ಯಾರೋ ‘ಅಜ್ಜಿ ಕಾಲದಿಂದ ಮನೇಲಿದೆ’ ಅಂದಿದಾರೆ. ಇದೆ, ಅಳಗುಳಿಮಣೆಗೆ. ಅಕ್ಕಸಾಲಿಗರೂ ಚಿನ್ನ ತೂಗೋಕೆ ಇಟ್ಕೋತಿದ್ರು, ಒಂದು ಕಾಳು ಹತ್ತಿರ ಹತ್ತಿರ 0.12 ಗ್ರಾಂ. ಇಡೀ ಕಾಳು ಸ್ವಾಮಿ, ಕೊರೆದಿದ್ದಲ್ಲ. ರೆಸಿನ್ ಅನ್ನೋ ಗಟ್ಟಿಯಾಗೋ ಅಂಟು ಹಾಕಿ ತೂತು ಮುಚ್ತೀನಿ ಅನ್ನೋರಿಗೂ ಅದೇ ಮಾತು, ನಾಯಿ ಹಲ್ಲಿಗೆ ರೆಸಿನ್ ಯಾವ ಲೆಕ್ಕ.

ಕೆಂಪು ಬೇಕೇ ಬೇಕು ಅಂದ್ರೆ ಗಾಜಿನ ಮಣಿ ತಗೊಳ್ಳಿ. ನಾನೀಗ ಕಾಳು ಬಿಟ್ಟು ಕಾಯಿಯ ಆಕಾರ ನೋಡಿ ತಾಮ್ರದ ಪದಕ ಮಾಡ್ತೀನಿ. ಒಣಗಿದ ಗುಲಗಂಜಿ ಕಾಯಿ ಬಿರಿದು ಎರಡೂ ಹೋಳು ಹಿಂದಕ್ಕೆ ಮುರುಟ್ಕೊಂಡಿರ್ತದಲ್ಲ, ಕಾಳು ಅಂಚಿಗೆ ಕಚ್ಕೊಂಡಿರ್ತವೆ. 24 ಗೇಜ್ (ಸುಮಾರು ಅರ್ಧ ಮಿಲಿಮೀಟರ್ ದಪ್ಪದ) ತಾಮ್ರದ ಹಾಳೇಲಿ ಆ ಆಕಾರ ಕತ್ತರಿಸಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿ. ಮೆತ್ತಗಾಗ್ತದೆ, ಇಕ್ಕಳದಲ್ಲಿ ಮುರುಟಿಸಬಹುದು. ಮತ್ತೆ ಬಿರುಸಾದ್ರೆ ಮತ್ತೆ ಕಾಯಿಸಿ, ಜೋರು ಮಾಡಿದ್ರೆ ಬಿರುಕು ಬಿಡ್ತದೆ. ಕರಿ ಹಿಡಿದಿದ್ದು ಹುಣಸೆಹಣ್ಣಿನ ನೀರಲ್ಲಿ ಹೋಗ್ತದೆ. ಮಣಿ ಕೂರಿಸೋಕೆ ಅರಾಲ್ಡೈಟ್, ಅಂದ್ರೆ ಎರಡು ಟ್ಯೂಬ್ ಕಲೆಸಿ ಹಚ್ಚೋ ಗಮ್, ಒಂದು ದಿನ ಮುಟ್ಟಬೇಡಿ. ತಕ್ಷಣ ಅಂಟೋ ಕ್ವಿಕ್ ಗಮ್ ಮಾತ್ರ ಬೇಡ, ಸುತ್ತ ಬಿಳಿ ಮಬ್ಬು ಹಿಡೀತದೆ. ಬಿಸಿಯ ಕೆಲಸ ಎಲ್ಲ ಗಮ್ಮಿಗಿಂತ ಮುಂಚೆ ಮುಗಿಸಿ.

ನಾಯಿ ಕಾಲಿಂದ ಕಿತ್ತ ನೆಗ್ಗಿಲು ಮುಳ್ಳನ್ನೂ ಬಿಸಾಕಬೇಡಿ, ಲೆನ್ಸ್ ಹಿಡಿದು ನೋಡಿ. ಐದು ಹೋಳು, ಒಂದೊಂದಕ್ಕೂ ಕೊಂಬು. ನನ್ನ ಓಲೆಗಳಲ್ಲಿ ಹೆಚ್ಚು ಹೋಗೋದು ಅದೇ ಡಿಸೈನು, ತುದಿ ಮಾತ್ರ ಅರದಲ್ಲಿ ಉಜ್ಜಿ ಮೊಂಡು ಮಾಡಿ, ಇಲ್ಲಾಂದ್ರೆ ಕತ್ತು ಗೀರ್ತದೆ.

ಮತ್ತೆ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿಂದ ಗರಿ, ಬೀಜ ತರ್ತೀವಿ ಅನ್ನೋರು ಕೇಳಿ, ಅದು ಅಭಯಾರಣ್ಯ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಾಯಿ ಕರ್ಕೊಂಡು ಅಲ್ಲಿಗೆ ಹೋಗಲೇಬೇಡಿ. ಊರ ಬೇಲೀಲೇ ಬೇಕಾದಷ್ಟಿದೆ.

ತಾಮ್ರಕ್ಕೆ ಒಣಕಾಯಿಯ ಕಂದು ಬಣ್ಣ ಬರಬೇಕಂದ್ರೆ ಬೇಯಿಸಿದ ಮೊಟ್ಟೆ ಬಿಸಿಬಿಸಿ ಹಿಸುಕಿ, ಪದಕದ ಜೊತೆ ಡಬ್ಬೀಲಿ ಮುಚ್ಚಿಡಿ. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ. ಆ ಮೊಟ್ಟೆ ಆಮೇಲೆ ನಾಯಿಗೆ ಹಾಕೋಕೆ ಹೋಗಬೇಡಿ ಮತ್ತೆ.